ಐದಕ್ಕೆ ಮನೆಗೆ ಬಂದರೆ ಸಾಕಂತೆ

ಪ್ರಶ್ನೆ: ಅಕ್ಕಾ, ನನಗೆ 27 ವರ್ಷ, ಊರು ಹುಬ್ಬಳ್ಳಿ. ಆರು ವರ್ಷದಿಂದ ಬ್ರೆಜಿಲಿಯನ್ ಜಿಯು-ಜಿಟ್ಸು (ನೆಲದ ಮೇಲೆ ಪಟ್ಟು ಹಾಕಿ ಆಡುವ, ಕುಸ್ತಿಯಂಥ ಆಟ) ಆಡುತ್ತಿದ್ದೇನೆ, ಈಗ ಪರ್ಪಲ್ ಬೆಲ್ಟ್, ಅಂದರೆ ಬ್ಲ್ಯಾಕ್ ಬೆಲ್ಟ್‌ಗೆ ಎರಡು ಮೆಟ್ಟಿಲು ಕೆಳಗೆ. ಬೆಳಿಗ್ಗೆ ಎರಡು ಶಾಲೆಗಳಲ್ಲಿ ಆತ್ಮರಕ್ಷಣೆ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಸಂಜೆ ಐದೂವರೆಯಿಂದ ಎಂಟೂವರೆವರೆಗೆ ಬಾಡಿಗೆ ಹಾಲ್‌ನಲ್ಲಿ ಎರಡು ಬ್ಯಾಚ್. ಖರ್ಚು ಕಳೆದು ತಿಂಗಳಿಗೆ 24 ಸಾವಿರ ಉಳಿಯುತ್ತದೆ. ಹಾವೇರಿಯ ಹುಡುಗನ ಜೊತೆ ನಿಶ್ಚಯವಾಗಿದೆ. ಬೀಜ-ಗೊಬ್ಬರದ ಅಂಗಡಿ, ಕೂಡು ಕುಟುಂಬ. ಹುಡುಗ ಒಳ್ಳೆಯವನು. ಆದರೆ ಸಂಬಂಧ ತಂದ ನನ್ನ ಸೋದರತ್ತೆ ‘ಹುಡುಗಿ ಸಾಲ್ಯಾಗ ಕರಾಟೆ ಕಲಸ್ತಾಳ್ರಿ’ ಅಂತ ಹೇಳಿಬಿಟ್ಟಿದ್ದಾಳೆ. ಹಾಲ್‌ನಲ್ಲಿ ಗಂಡುಹುಡುಗರ ಜೊತೆಗೂ ಪ್ರಾಕ್ಟೀಸ್ ಮಾಡುತ್ತೇನೆ ಅನ್ನುವುದು ಅವರಿಗೆ ಗೊತ್ತಿಲ್ಲ. ಹೆಣ್ಣು ನೋಡಲು ಬಂದ ದಿನ ಹುಡುಗನ ಅಜ್ಜಿ ನನ್ನ ಮುರುಟಿದ ಎಡಗಿವಿ ಮುಟ್ಟಿ ‘ಇದೇನಾಗೇತವಾ?’ ಅಂದರು. ಸಣ್ಣವಳಿದ್ದಾಗ ಬಿದ್ದಿದ್ದೆ ಅಂದೆ. ಮದುವೆಯಲ್ಲಿ ತಮ್ಮ ಬುಗುಡಿ ನನಗೆ ಹಾಕುತ್ತಾರಂತೆ. ಹುಡುಗನ ತಾಯಿ ‘ಮದುವಿ ಆದಮ್ಯಾಲೂ ಸಾಲಿಗೆ ಹೋಗ್ಲಿ, ಐದಕ್ಕ ಮನಿಗೆ ಬಂದ್ರ ಸಾಕು’ ಅಂದಿದ್ದಾರೆ. ಅಬುಧಾಬಿ ಟೂರ್ನಿಗೆ ಅಂತ 2 ಲಕ್ಷ 60 ಸಾವಿರ ಕೂಡಿಟ್ಟಿದ್ದೇನೆ, ಅವ್ವ ಅದನ್ನು ಮದುವೆಗೆ ಕೇಳುತ್ತಿದ್ದಾಳೆ. ಮದುವೆಗೆ ಎರಡೂವರೆ ತಿಂಗಳಿದೆ. ಈಗಲೇ ಎಲ್ಲ ಹೇಳಲೋ, ಆಮೇಲೆ ನಿಧಾನಕ್ಕೆ ಹೇಳಲೋ, ಆಟವನ್ನೇ ಬಿಡಲೋ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಂಗೀ, ನಿನ್ನ ಪತ್ರ ಉದ್ದವಿತ್ತು, ಇಲ್ಲಿ ಚಿಕ್ಕದು ಮಾಡಿದ್ದೇನೆ. ಗಂಡುಹುಡುಗರ ಜೊತೆ ಪ್ರಾಕ್ಟೀಸ್ ಮಾಡುವ ವಿಷಯಕ್ಕೆ ಒಂದೂವರೆ ಪುಟ ಖರ್ಚು ಮಾಡಿದ್ದೀಯ. ಅತ್ತೆಯಾಗುವವರ ಮಾತನ್ನು ಮಾತ್ರ ಒಂದೇ ಸಾಲಲ್ಲಿ ಬರೆದು ಮುಂದೆ ಹೋಗಿದ್ದೀಯ. ನಾನು ಅಲ್ಲೇ ನಿಂತೆ. ಐದಕ್ಕೆ ಮನೆಗೆ ಬಂದರೆ ಸಾಕು. ಕೇಳಲು ಎಷ್ಟು ಉದಾರವಾಗಿದೆ, ಅಲ್ವಾ?

ನಿನ್ನ ಕಸುಬು ಶುರುವಾಗುವುದೇ ಐದೂವರೆಗೆ. ಮಕ್ಕಳು ಶಾಲೆ ಬಿಟ್ಟು ಬರಬೇಕು, ದೊಡ್ಡವರು ಕೆಲಸ ಮುಗಿಸಿ ಬರಬೇಕು. ನಮ್ಮ ಕಡೆ ಮನೆಗಳಲ್ಲಿ ಒಲೆಯ ಮೇಲೆ ಹಂಚು ಏರುವುದೂ ಅದೇ ಹೊತ್ತಿಗೆ. ಕೂಡು ಕುಟುಂಬದಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುವಾಗ ಹೊಸ ಸೊಸೆ ಅಲ್ಲಿಲ್ಲ ಅಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಆ ತಾಯಿ ಕೆಟ್ಟವರೇನಲ್ಲ. ಕರಾಟೆ ಟೀಚರ್ ಅಂದರೆ ಶಾಲೆ ಬಿಟ್ಟ ಕೂಡಲೇ ಮನೆಗೆ ಬರುವವಳು ಅಂದುಕೊಂಡಿದ್ದಾರೆ, ಅಷ್ಟೇ. ನಿನ್ನ ಸೋದರತ್ತೆ ಹೇಳಿದ ಸುಳ್ಳಿನಲ್ಲಿ ಆಟದ ಹೆಸರು ಬದಲಾದದ್ದು ದೊಡ್ಡದಲ್ಲ. ಗಡಿಯಾರ ಬದಲಾಗಿದೆ.

ನನ್ನದೇ ಹೇಳುತ್ತೇನೆ. ಮದುವೆಯಾಗಿ ಧಾರವಾಡಕ್ಕೆ ಬಂದ ಹೊಸತರಲ್ಲಿ ಸಂಜೆ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಬಿಡು ಅಂತ ಯಾರೂ ಹೇಳಲಿಲ್ಲ. ‘ರೊಟ್ಟಿ ಹೊತ್ತಿಗೆ ಬಂದುಬಿಡವಾ’ ಅಂದರು. ಮೊದಲು ಏಳರ ಬ್ಯಾಚ್ ಬಿಟ್ಟೆ, ಆಮೇಲೆ ಆರರದ್ದು. ಒಂದು ದಿನ ಮಾಲೀಕರೇ ಬೇರೆ ಹುಡುಗಿಯನ್ನು ಇಟ್ಟುಕೊಂಡರು. ಎಂಟು ತಿಂಗಳಲ್ಲಿ ಎಲ್ಲ ಮುಗಿಯಿತು. ಜಗಳವೇ ಆಗದ ಕಾರಣ ಯಾರ ಮೇಲೆ ಸಿಟ್ಟು ಮಾಡಬೇಕು ಅನ್ನುವುದೂ ಗೊತ್ತಾಗಲಿಲ್ಲ.

ಹಾಗಾಗಿ ‘ಆಮೇಲೆ ನಿಧಾನಕ್ಕೆ ಹೇಳಲೋ’ ಅನ್ನುವುದನ್ನು ಇಲ್ಲಿಗೇ ಬಿಡು. ಈಗಲೇ ಹೇಳಬೇಕು. ಹೇಳುವುದಕ್ಕಿಂತ ತೋರಿಸುವುದು ವಾಸಿ.

ನಿನ್ನ ಆಟವನ್ನು ಬಾಯಲ್ಲಿ ವಿವರಿಸಿದರೆ ಕೆಟ್ಟದಾಗಿ ಕೇಳುತ್ತದೆ. ನಾನೇ ಮನೆಯಲ್ಲಿ ಹೇಳಿ ನೋಡಿದೆ. ‘ನೆಲದ ಮೇಲೆ ಹೊರಳಾಡುತ್ತಾರೆ, ಕಾಲಲ್ಲಿ ಸೊಂಟಕ್ಕೆ ಬೀಗ ಹಾಕುತ್ತಾರೆ, ಕಾಲರ್ ಹಿಡಿದು ಕುತ್ತಿಗೆ ಅಮುಕುತ್ತಾರೆ’ ಅಂದೆ. ನಮ್ಮ ಯಜಮಾನರು ಪೇಪರ್ ಕೆಳಗಿಟ್ಟರು. ಅದಕ್ಕೇ ಹಾವೇರಿಯವರಿಗೆ ಕುಸ್ತಿಯ ಕಡೆಯಿಂದ ಹೇಳು. ಜಾತ್ರೆ ಕುಸ್ತಿ ನೋಡದವರು ಆ ಸೀಮೆಯಲ್ಲಿ ಯಾರಿದ್ದಾರೆ? ಅಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ನಿನ್ನ ಆಟದಲ್ಲಿ ಬೆನ್ನು ಕೆಳಗಿದ್ದವಳೇ ಎದುರಾಳಿಯನ್ನು ಸೋಲಿಸಬಹುದು. ಗುದ್ದು ಇಲ್ಲ, ಒದೆ ಇಲ್ಲ, ಬರೀ ಪಟ್ಟು. ತಡೆಯಲಾಗದಿದ್ದರೆ ಅಂಗೈಯಿಂದ ಎರಡು ಸಲ ತಟ್ಟಿದರೆ ಆಯಿತು, ಆ ಕ್ಷಣಕ್ಕೆ ಬಿಡಬೇಕು. ಹುಡುಗ ಇನ್ನೂ ಕೇಳಿದರೆ, 1914ರಲ್ಲಿ ಬ್ರೆಜಿಲ್‌ಗೆ ಹೋದ ಮಿತ್ಸುಯೊ ಮಾಯೆದಾ ಎಂಬ ಜಪಾನಿನ ಜೂಡೋ ಪೈಲ್ವಾನ ಅಲ್ಲಿ ಕಾರ್ಲೋಸ್ ಗ್ರೇಸಿ ಎಂಬ ಹುಡುಗನಿಗೆ ಕಲಿಸಿದ, ಆ ಮನೆತನ ಇದನ್ನು ಬೆಳೆಸಿತು ಅನ್ನು. ಕಾರ್ಲೋಸನ ತಮ್ಮ ಎಲಿಯೋ ಗ್ರೇಸಿ ಮೈಯಲ್ಲಿ ಸಣ್ಣವನು. ಬಲ ಕಡಿಮೆ ಇದ್ದವರೂ ದೊಡ್ಡವರನ್ನು ಕಟ್ಟಿಹಾಕುವ ಹಾಗೆ ಪಟ್ಟುಗಳನ್ನು ತಿದ್ದಿಕೊಂಡ ಅಂತ ಅವನ ಹೆಸರು ಹೇಳುತ್ತಾರೆ. ಸಾಕು, ಇದಕ್ಕಿಂತ ಜಾಸ್ತಿ ಇತಿಹಾಸ ಬೇಡ.

ಒಂದು ಶನಿವಾರ ಸಂಜೆ ಅವನನ್ನು ಹಾಲ್‌ಗೆ ಕರೆ. ಜೊತೆಗೆ ಅವನ ಅತ್ತಿಗೆಯೋ ತಂಗಿಯೋ ಬರಲಿ. ಮಕ್ಕಳ ಬ್ಯಾಚಿನಿಂದಲೇ ಕೂರಿಸು. ಚಪ್ಪಲಿ ಸಾಲಾಗಿ ಬಿಡುವುದು, ನೀನು ಒಬ್ಬೊಬ್ಬರ ಉಗುರು ನೋಡುವುದು, ಕುತ್ತಿಗೆಯ ಹತ್ತಿರ ಗಜಕರ್ಣ ಕಂಡ ಹುಡುಗನನ್ನು ಪಕ್ಕಕ್ಕೆ ಕೂರಿಸುವುದು, ಬ್ಯಾಚ್ ಮುಗಿದ ಮೇಲೆ ಔಷಧಿ ನೀರಿನಲ್ಲಿ ಮ್ಯಾಟ್ ಒರೆಸುವುದು, ಎಲ್ಲ ನೋಡಲಿ. ಆಮೇಲೆ ದೊಡ್ಡವರ ಬ್ಯಾಚ್. ಅವನ ಎದುರಿಗೇ ನೀನು ಒಬ್ಬ ಹುಡುಗನ ಜೊತೆ ಆಡು. ಮೊದಲ ಐದು ನಿಮಿಷ ಎಲ್ಲಿ ನೋಡಬೇಕೋ ತಿಳಿಯದೆ ಮೊಬೈಲ್ ತೆಗೆಯುತ್ತಾನೆ. ಹತ್ತು ನಿಮಿಷಕ್ಕೆ ಯಾರ ಕಾಲು ಯಾರದು ಅಂತ ಲೆಕ್ಕ ಹಾಕುತ್ತಾನೆ. ಅರ್ಧ ಗಂಟೆಗೆ ಬೇಜಾರಾಗುತ್ತದೆ. ಆಗಲಿ. ಊಹಿಸಿಕೊಂಡದ್ದು ರಾತ್ರಿಯೆಲ್ಲ ನಿದ್ದೆ ಕೆಡಿಸುತ್ತದೆ, ಕಣ್ಣಾರೆ ನೋಡಿದ್ದು ಬೇಗ ಹಳತಾಗುತ್ತದೆ.

ಹುಬ್ಬಳ್ಳಿಯಂಥ ಊರಿನಲ್ಲಿ ನಿನ್ನ ತೂಕದ, ನಿನ್ನ ಮಟ್ಟದ ಹೆಣ್ಣುಮಕ್ಕಳು ಎಷ್ಟು ಜನ ಸಿಗುತ್ತಾರೆ? ಬೆರಳಲ್ಲಿ ಎಣಿಸಬಹುದು. ಗಂಡುಹುಡುಗರ ಜೊತೆ ಆಡದಿದ್ದರೆ ನಿನಗೆ ಜೋಡಿಯೇ ಇಲ್ಲ. ಇದನ್ನು ಹೀಗೇ ಹೇಳು, ದನಿ ತಗ್ಗಿಸಬೇಡ. ‘ಮದುವೆಯಾದ ಮೇಲೆ ಹೆಣ್ಣುಮಕ್ಕಳಿಗೆ ಮಾತ್ರ ಕಲಿಸುತ್ತೇನೆ’ ಅಂತ ರಾಜಿಗೆ ನೀನಾಗಿಯೇ ಹೋಗಬೇಡ. ತಾನು ಸೋಲುವ ಜಾಗ ಇಲ್ಲದ ಕೋಚ್ ಎರಡು ವರ್ಷದಲ್ಲಿ ಹಳಬಳಾಗುತ್ತಾಳೆ, ನಿನಗೆ ಗೊತ್ತಿರುವ ವಿಷಯವೇ.

ಇನ್ನು ಆಟ ಬಿಡುವ ಮಾತು. ನಿನ್ನ ಆಟದಲ್ಲಿ ಪದಕದಿಂದ ಮನೆ ನಡೆಸುವವರು ಬಹಳ ಕಡಿಮೆ. ಹೆಚ್ಚಿನ ಟೂರ್ನಿಗಳಲ್ಲಿ ಆಡುವವರೇ ಫೀಸು ಕಟ್ಟಬೇಕು, ಗೆದ್ದರೂ ಕೈಗೆ ಬರುವುದು ಪದಕವೇ. ಒಲಿಂಪಿಕ್ಸ್‌ನಲ್ಲಿ ಈ ಆಟವಿಲ್ಲ. ಏಷ್ಯನ್ ಗೇಮ್ಸ್‌ಗೆ 2018ರಲ್ಲಿ ಜಕಾರ್ತದಲ್ಲಿ ಜು-ಜಿಟ್ಸು ಎಂಬ ಇದೇ ಬಳಗದ ಆಟ ಸೇರಿತು, 2023ರಲ್ಲಿ ಹಾಂಗ್‌ಝೌನಲ್ಲೂ ಇತ್ತು. ಅದರ ನಿಯಮಗಳು ಸ್ವಲ್ಪ ಬೇರೆ, ನೆಲದ ವಿಭಾಗ ನಿನ್ನದಕ್ಕೆ ಹತ್ತಿರ. ಸರಿ, ಕನಸಿಗೆ ಜಾಗವಿದೆ. ಆದರೆ ನಿನ್ನ 24 ಸಾವಿರದಲ್ಲಿ ಒಂದು ರೂಪಾಯಿಯೂ ಗೆದ್ದು ಬಂದದ್ದಲ್ಲ, ಎಲ್ಲ ಕಲಿಸಿ ಬಂದದ್ದು. ಟೂರ್ನಿ ಆಡುವುದು ನಿನ್ನ ಕಲಿಸುವಿಕೆಗೆ ಗೊಬ್ಬರ. ಅಂಗಡಿಯವನ ಮನೆಗೆ ಹೋಗುವವಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಯಸ್ಸಿನ ಭಯ ಬೇಡ. ನಿನ್ನ ಆಟದ ಅಂತರರಾಷ್ಟ್ರೀಯ ಫೆಡರೇಶನ್ ಟೂರ್ನಿಗಳಲ್ಲಿ 30 ದಾಟಿದವರಿಗೆ ಮಾಸ್ಟರ್ ವಿಭಾಗಗಳಿವೆ, ಐದೈದು ವರ್ಷಕ್ಕೊಂದು ಮೆಟ್ಟಿಲು. ಮದುವೆ, ಮಗು, ಒಂದೆರಡು ವರ್ಷದ ಬಿಡುವು, ಇದೆಲ್ಲ ಆದಮೇಲೂ ಮ್ಯಾಟ್ ಅಲ್ಲೇ ಇರುತ್ತದೆ. ಪರ್ಪಲ್‌ನಲ್ಲಿ ಕನಿಷ್ಠ ಒಂದೂವರೆ ವರ್ಷ, ಬ್ರೌನ್‌ನಲ್ಲಿ ಕನಿಷ್ಠ ಒಂದು ವರ್ಷ ಅಂತ ಅವರ ನಿಯಮ. ಬ್ಲ್ಯಾಕ್ ಬೆಲ್ಟ್‌ಗೆ ಒಟ್ಟು ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ನೀನು ಅರ್ಧ ದಾರಿ ದಾಟಿದ್ದೀಯ.

ಒಂದು ಕಾಗದ ಮಾತ್ರ ಮಾಡಿಸಿಕೊ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಜೂಡೋ, ಕುಸ್ತಿಗೆ ಕೋಚಿಂಗ್ ಡಿಪ್ಲೊಮಾ ಕೊಡುತ್ತದೆ, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಶಾಲೆಯವರು ಬೆಲ್ಟ್ ಬಣ್ಣ ಕೇಳುವುದಿಲ್ಲ, ಸರ್ಟಿಫಿಕೇಟ್ ಕೇಳುತ್ತಾರೆ. ಜೂಡೋಗೆ ಹೋದರೆ ಜಿಯು-ಜಿಟ್ಸುಗೆ ಮೋಸ ಮಾಡಿದಂತೆ ಅಂತ ಅಂದುಕೊಳ್ಳಬೇಡ. ಬೆಳಗಾವಿ ಕಡೆಯ ಮಲಪ್ರಭಾ ಜಾಧವ್ ಜೂಡೋದಲ್ಲಿ ಬೆಳೆದವರು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ತಂದದ್ದು ಮಧ್ಯ ಏಷ್ಯಾದ ಕುಸ್ತಿಯಾದ ಕುರಾಶ್‌ನಲ್ಲಿ.

ಈಗ ಹಾವೇರಿ. ಹುಬ್ಬಳ್ಳಿಯಿಂದ 75 ಕಿಲೋಮೀಟರ್ ಆಸುಪಾಸು. ಎಂಟೂವರೆಗೆ ಕ್ಲಾಸ್ ಮುಗಿಸಿ ದಿನಾ ಊರು ಸೇರುತ್ತೇನೆ ಅಂದರೆ ಅತ್ತೆ ಮನೆಯವರು ಬೇಡ, ನಾನೇ ಬೇಡ ಅನ್ನುತ್ತೇನೆ. ಹುಬ್ಬಳ್ಳಿಯ ಮಕ್ಕಳ ಬ್ಯಾಚನ್ನು ನಿನ್ನ ಹಳೆಯ ಶಿಷ್ಯರೊಬ್ಬರಿಗೆ ವಹಿಸು. ವಾರಕ್ಕೆ ಎರಡು ದಿನ, ಶನಿವಾರ ಭಾನುವಾರ, ನಿನ್ನ ಸ್ವಂತ ಪ್ರಾಕ್ಟೀಸಿಗೆ ಹುಬ್ಬಳ್ಳಿಗೆ ಬಾ, ತವರಿನಲ್ಲಿ ಉಳಿ. ಉಳಿದ ದಿನಗಳಲ್ಲಿ ಮೂರು ಸಂಜೆ ಹಾವೇರಿಯಲ್ಲೇ ಹೊಸ ಬ್ಯಾಚ್. ಆರು ಮೀಟರ್ ಉದ್ದ, ಆರು ಮೀಟರ್ ಅಗಲದ ಜಾಗವಿದ್ದರೆ ಒಂದು ಮೀಟರಿನ 36 ಮ್ಯಾಟ್‌ಗಳಲ್ಲಿ ಶುರು ಮಾಡಬಹುದು. ಬೀಜ-ಗೊಬ್ಬರದ ವ್ಯಾಪಾರ ಮಾಡುವವರಿಗೆ ಗೋದಾಮು ಇದ್ದೇ ಇರುತ್ತದೆ. ಅದರ ಮಹಡಿ ಖಾಲಿ ಇದೆಯಾ ಅಂತ ಕೇಳಿ ನೋಡು. ಹಗಲಿನ ಕೆಲಸಕ್ಕೆ ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಕೊಡುವ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಇದೆ, ಮೂರು ತಿಂಗಳದ್ದು. ಅದರಿಂದ ಮನೆ ನಡೆಯುವುದಿಲ್ಲ, ಆದರೆ ಹೊಸ ಊರಿನಲ್ಲಿ ನಿನ್ನ ಹೆಸರು ನಾಲ್ಕು ಮನೆಗೆ ಮುಟ್ಟುತ್ತದೆ.

ಹಾಗಾಗಿ ನೀನು ಹುಡುಗನ ಹತ್ತಿರ ಕೇಳಬೇಕಾದದ್ದು ‘ನನಗೆ ಆಡಲು ಬಿಡುತ್ತೀರಾ’ ಅಂತಲ್ಲ. ಅದಕ್ಕೆ ಎಲ್ಲ ಹುಡುಗರೂ ಹೂಂ ಅನ್ನುತ್ತಾರೆ, ನಿಶ್ಚಯವಾದ ಮೇಲಂತೂ ಇನ್ನೂ ಬೇಗ ಅನ್ನುತ್ತಾರೆ. ‘ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಐದೂವರೆಯಿಂದ ಎಂಟೂವರೆ ನಾನು ಮನೆಯಲ್ಲಿ ಇರುವುದಿಲ್ಲ, ಶನಿವಾರ ಭಾನುವಾರ ಊರಲ್ಲೇ ಇರುವುದಿಲ್ಲ. ಆಗ ಮನೆಯಲ್ಲಿ ಹೇಗೆ?’ ಅಂತ ಕೇಳು. ದಿನ, ಹೊತ್ತು ಹೇಳಿ ಕೇಳು. ಅವನು ‘ಆಮ್ಯಾಲ ನೋಡೂಣು’ ಅಂದರೆ ಅದು ಬೇಡ ಅಂದ ಹಾಗೆಯೇ. ಅವನೇ ಅವ್ವನ ಹತ್ತಿರ ಹೋಗಿ ಮಾತಾಡಿದರೆ ಅದು ಉತ್ತರ. ಖಡಕ್ ರೊಟ್ಟಿ ಈಗ ಎಲ್ಲ ಊರಲ್ಲೂ ಡಜನ್ ಲೆಕ್ಕದಲ್ಲಿ ಮಾರಾಟಕ್ಕೆ ಸಿಗುತ್ತದೆ. ಆದರೆ ಆ ಮಾತನ್ನು ಅವನು ಹೇಳಬೇಕು, ನೀನು ಹೇಳಿದರೆ ಮೊದಲ ದಿನವೇ ಸೋತೆ.

ಮುರಿದರೆ? ಮುರಿಯಬಹುದು, ಸುಳ್ಳು ಧೈರ್ಯ ಹೇಳುವುದಿಲ್ಲ. ನಿನ್ನ ಅವ್ವ ಅಳುತ್ತಾಳೆ, ಸೋದರತ್ತೆ ವರ್ಷಗಟ್ಟಲೆ ಆಡಿಕೊಳ್ಳುತ್ತಾಳೆ. ಎರಡೂವರೆ ತಿಂಗಳ ಮೊದಲು ಮುರಿಯುವುದು, ಎರಡು ವರ್ಷದ ನಂತರ ಮುರಿಯುವುದು, ಎರಡರ ಖರ್ಚೂ ನಿನಗೆ ಗೊತ್ತು.

ಆ 2 ಲಕ್ಷ 60 ಸಾವಿರ ನಿನ್ನ ಖಾತೆಯಲ್ಲೇ ಇರಲಿ. ಊಟಕ್ಕೆ ಇನ್ನೊಂದು ಸಿಹಿ ಹೆಚ್ಚಾಗಲಿ ಅಂತ ಕೊಡಬೇಡ. ಆದರೆ ಅದು ಇದೆ ಅನ್ನುವುದು ಹುಡುಗನಿಗೆ ಗೊತ್ತಿರಲಿ.

ಕೊನೆಗೆ ಆ ಕಿವಿ. ಸೋದರತ್ತೆ ಕರಾಟೆ ಅಂದಳು ಅಂತ ಸಿಟ್ಟಾಗಿದ್ದೀಯ. ‘ಬಿದ್ದಿದ್ದೆ’ ಅಂದವಳು ನೀನು. ಆ ಅಜ್ಜಿ ಸುಮ್ನೆ ಮುಟ್ಟಿಲ್ಲ ತಂಗಿ, ತಮ್ಮ ಬುಗುಡಿ ಎಲ್ಲಿ ಕೂರುತ್ತದೆ ಅಂತ ನೋಡಿದ್ದಾರೆ. ಬುಗುಡಿ ಏರುವುದು ಕಿವಿಯ ಮೇಲ್ತುದಿಗೆ, ನಿನ್ನದು ಮುರುಟಿರುವುದೂ ಅಲ್ಲೇ. ಚರ್ಮಕ್ಕೂ ಒಳಗಿನ ಮೃದ್ವಸ್ಥಿಗೂ ನಡುವೆ ರಕ್ತ ನಿಂತು ಗಟ್ಟಿಯಾದ ಜಾಗ ಅದು. ಮದುವೆ ಗಡಿಬಿಡಿಯಲ್ಲಿ ಅಲ್ಲಿ ಚುಚ್ಚಿಸಿಕೊಂಡು ಕೀವು ಮಾಡಿಕೊಳ್ಳಬೇಡ, ಡಾಕ್ಟರಿಗೆ ತೋರಿಸದೆ ಮುಟ್ಟಿಸಲೂ ಬೇಡ. ಅಜ್ಜಿಗೆ ಫೋನ್ ಮಾಡು. ಗರಡಿ ಪೈಲ್ವಾನರ ಕಿವಿ ಅವರು ನಿನಗಿಂತ ಜಾಸ್ತಿ ನೋಡಿರುತ್ತಾರೆ. ‘ಅಜ್ಜಿ, ಇದು ಬಿದ್ದದ್ದಲ್ಲ, ಪಟ್ಟು ಹಿಡಿದಾಗ ಆದದ್ದು’ ಅನ್ನು. ಆ ಬುಗುಡಿಯನ್ನು ಚುಚ್ಚದೆ ಒತ್ತಿ ಕೂರಿಸುವ ಹಾಗೆ ಮಾಡಿಕೊಡುತ್ತೀರಾ ಅಂತ ಪತ್ತಾರರನ್ನು ಕೇಳಬಹುದು. ಕೇಳಲು ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗು.