ಪ್ರಶಸ್ತಿ ಯಾರಿಗೆ ಸಿಗಬೇಕಿತ್ತು? ಓದುಗರ ಪ್ರಶ್ನೆಗಳಿಗೆ ಉತ್ತರ

ಸಿನಿಮಾ ಪ್ರಶಸ್ತಿಗಳ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಎಲ್ಲಕ್ಕೂ ಇಲ್ಲಿ ಜಾಗ ಸಾಲದು. ಜಾಸ್ತಿ ಜನ ಕೇಳಿದ್ದನ್ನು ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ (ಕುಂದಾಪುರದಿಂದ): ಮೇಡಂ, 'ಕಾಂತಾರ'ಕ್ಕಾಗಿ ರಿಷಬ್ ಶೆಟ್ಟಿಯವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದಾಗ ನಮ್ಮ ಕಡೆ ಎಲ್ಲರಿಗೂ ಹಬ್ಬ. ಆದರೆ ನನ್ನ ಜೊತೆ ಕೆಲಸ ಮಾಡುವ ಕೇರಳದ ಗೆಳೆಯ ಈಗಲೂ ವಾದ ಬಿಡುವುದಿಲ್ಲ. ಅದು ಮಮ್ಮುಟ್ಟಿಗೆ ಸಿಗಬೇಕಿತ್ತು, ಕೊನೆಯ ಇಪ್ಪತ್ತು ನಿಮಿಷದ ಕೂಗು, ಕುಣಿತ ಬಿಟ್ಟರೆ ನಿಮ್ಮವರದ್ದು ಏನಿದೆ ಅಂತಾನೆ. ನಿಜ ಹೇಳಿ, ಯಾರಿಗೆ ಸಲ್ಲಬೇಕಿತ್ತು?

ಉತ್ತರ: ನಿಮ್ಮ ಗೆಳೆಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳುತ್ತಿರುವುದು 'ನನ್‌ಪಗಲ್ ನೇರತ್ತ್ ಮಯಕ್ಕಂ' ಚಿತ್ರದ ಮಮ್ಮುಟ್ಟಿಯ ಬಗ್ಗೆ ಇರಬೇಕು. ವೇಲಾಂಕಣ್ಣಿಗೆ ಹೋಗಿ ಬಸ್ಸಿನಲ್ಲಿ ವಾಪಸ್ ಬರುತ್ತಿರುವ ಮಲಯಾಳಿಯೊಬ್ಬ ಮಧ್ಯಾಹ್ನದ ನಿದ್ದೆಯಿಂದ ಎದ್ದು, ಬಸ್ ಇಳಿದು, ಒಂದು ತಮಿಳು ಹಳ್ಳಿಗೆ ನಡೆದುಹೋಗುತ್ತಾನೆ. ಅಲ್ಲಿ ಕಾಣೆಯಾದ ಇನ್ಯಾವನೋ ಮನುಷ್ಯನೇ ತಾನು ಎಂಬಂತೆ ಬದುಕಲು ಶುರು ಮಾಡುತ್ತಾನೆ. ಭಾಷೆ ಬದಲಾಗುತ್ತದೆ, ನಡಿಗೆ ಬದಲಾಗುತ್ತದೆ, ಎಲ್ಲೂ ಕೂಗಾಟವಿಲ್ಲ. ದೊಡ್ಡ ಅಭಿನಯ ಅದು. 2022ರ ಕೇರಳ ರಾಜ್ಯ ಪ್ರಶಸ್ತಿ ಅವರಿಗೇ ಬಂತು.

ಆದರೆ ರಾಷ್ಟ್ರಪ್ರಶಸ್ತಿಗೆ ಒಂದು ವಿಷಯ ಗೊತ್ತಿರಬೇಕು. ನಿರ್ಮಾಪಕರು ಅರ್ಜಿ ಹಾಕಿ ಸಿನಿಮಾ ಕಳಿಸಿದರೆ ಮಾತ್ರ ಜ್ಯೂರಿ ನೋಡುವುದು. ಆ ವರ್ಷ ಮಮ್ಮುಟ್ಟಿಯ ಸಿನಿಮಾ ಯಾವುದೂ ತಮ್ಮ ಮುಂದೆ ಬಂದಿರಲಿಲ್ಲ ಎಂದು ದಕ್ಷಿಣದ ಜ್ಯೂರಿಯಲ್ಲಿದ್ದ ಒಬ್ಬರು ಆಮೇಲೆ ಹೇಳಿದರು. ಹಾಗಾಗಿ ಅಲ್ಲಿ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ತೂಗಿ ಒಬ್ಬರನ್ನು ಕೈಬಿಟ್ಟರು ಅಂತ ಅಲ್ಲ. ಇದನ್ನು ನಿಮ್ಮ ಗೆಳೆಯರಿಗೆ ಹೇಳಿ.

ಇನ್ನು ರಿಷಬ್ ವಿಷಯ. ಕೊನೆಯ ಇಪ್ಪತ್ತು ನಿಮಿಷವನ್ನು ಎಲ್ಲರೂ ಹೊಗಳುತ್ತಾರೆ, ಬೈಯುವವರೂ ಅದನ್ನೇ ಹಿಡಿದುಕೊಂಡು ಬೈಯುತ್ತಾರೆ. ನಾನು ಆ ಪ್ರಶಸ್ತಿಯನ್ನು ಒಪ್ಪುವುದು ಬೇರೆ ಕಾರಣಕ್ಕೆ. ರಿಷಬ್ ಮಾಡಿದ ಶಿವ ಊರಲ್ಲಿ ಯಾರಿಗೂ ಹೆದರದವನು, ಕಂಬಳದಲ್ಲಿ ಕೋಣ ಓಡಿಸುವವನು, ಹಂದಿ ಬೇಟೆಗೆ ಹೋಗುವವನು. ದೈವದ ವೇಷ ಕಟ್ಟಿ ಕುಣಿಯುವ ಕೋಲ ಅಂದರೆ ಮಾತ್ರ ಒಳಗೊಳಗೇ ಹೆದರುತ್ತಾನೆ, ಅಪ್ಪ ಕೋಲ ಕಟ್ಟಿ ಕುಣಿಯುತ್ತಲೇ ಕಾಡಲ್ಲಿ ಮಾಯವಾದವನಲ್ವಾ. ಕನಸು ಕಂಡು ಬೆಚ್ಚಿ ಏಳುವಾಗ ಆ ದೊಡ್ಡ ದೇಹದೊಳಗಿನ ಚಿಕ್ಕ ಹುಡುಗ ಕಾಣುತ್ತಾನೆ. ಈ ಭಯವನ್ನು ಮೊದಲಿನಿಂದ ಇಟ್ಟುಕೊಂಡು ಬಂದಿರದಿದ್ದರೆ ಕೊನೆಯ ಕುಣಿತ ಬರೀ ಕುಣಿತವಾಗುತ್ತಿತ್ತು. ಇನ್ನೊಂದು, ಆ ಆರ್ಭಟವೆಲ್ಲ ಮುಗಿದ ಮೇಲೆ ದೈವ ಊರವರ ಕೈಯನ್ನೂ ಅರಣ್ಯ ಅಧಿಕಾರಿಯ ಕೈಯನ್ನೂ ಒಂದುಗೂಡಿಸುವ ಜಾಗವಿದೆ. ಮಾತೇ ಇಲ್ಲ. ಥಿಯೇಟರ್‌ನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ ಅಷ್ಟು ಹೊತ್ತು ಸುಮ್ಮನಿದ್ದವರು ಅಲ್ಲಿ ಕೈ ಮುಗಿದರು. ನನ್ನ ಲೆಕ್ಕದಲ್ಲಿ ಪ್ರಶಸ್ತಿ ಆ ಒಂದು ನಿಮಿಷಕ್ಕೆ.

ಎರಡೂ ಚಿತ್ರ ಒಟ್ಟಿಗೆ ಬಂದಿದ್ದರೆ? ಹಂಚಿ ಕೊಡಿ ಎಂದು ನಾನು ಜಗಳ ಆಡುತ್ತಿದ್ದೆ. ಅದೇ ವರ್ಷ ಶ್ರೇಷ್ಠ ನಟಿ ಪ್ರಶಸ್ತಿಯನ್ನು ನಮ್ಮ ಬೆಂಗಳೂರಲ್ಲೇ ಹುಟ್ಟಿದ ನಿತ್ಯಾ ಮೆನನ್ ಮತ್ತು ಗುಜರಾತಿಯ ಮಾನಸಿ ಪಾರೇಖ್ ಇಬ್ಬರಿಗೆ ಹಂಚಿದರು. ಅಂದಮೇಲೆ ಇಲ್ಲೂ ಹಂಚಬಹುದಿತ್ತು.

ಪ್ರಶ್ನೆ (ಮೈಸೂರಿನಿಂದ): ಅಣ್ಣಾವ್ರಿಗೆ ಒಮ್ಮೆಯೂ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬರಲಿಲ್ಲ ಅನ್ನುವುದು ನಿಜವೇ? ಎಷ್ಟು ವರ್ಷವಾದರೂ ನನಗೆ ಇದನ್ನು ನುಂಗಲು ಆಗುವುದಿಲ್ಲ.

ಉತ್ತರ: ನಿಜ. ದಾದಾಸಾಹೇಬ್ ಫಾಲ್ಕೆ ಬಂತು, 1995ರ ಸಾಲಿನದ್ದು. 'ಜೀವನ ಚೈತ್ರ'ದ 'ನಾದಮಯ' ಹಾಡಿಗೆ ಶ್ರೇಷ್ಠ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ನಟನೆಗೆ ಬರಲಿಲ್ಲ. ಒಂದು ಸಿನಿಮಾ ಹೆಸರು ಹೇಳು ಅಂದರೆ ನಾನು 'ಕಸ್ತೂರಿ ನಿವಾಸ' ಹೇಳುತ್ತೇನೆ, 1971ರದ್ದು. ಕೊಟ್ಟೇ ಅಭ್ಯಾಸವಾದ ಕೈ ಅದು. ಎಲ್ಲ ಕಳೆದುಕೊಂಡ ಮೇಲೆ ಮನೆಗೆ ಬಂದವಳಿಗೆ ಊಟ ಹಾಕಲು ಸಾಕಿದ ಪಾರಿವಾಳವನ್ನೇ ಕಳೆದುಕೊಳ್ಳುತ್ತಾನೆ, ಅವಳು ಕೇಳಲು ಬಂದಿದ್ದೂ ಅದೇ ಪಾರಿವಾಳವನ್ನು. ಅಲ್ಲಿ ಅಣ್ಣಾವ್ರ ಮುಖ ನೋಡಿ. ಬೇರೆ ನಟರಾಗಿದ್ದರೆ ಗೋಳೋ ಅನ್ನಬಹುದಾಗಿದ್ದ ಜಾಗ. ಆ ವರ್ಷದ ಪ್ರಶಸ್ತಿ 'ರಿಕ್ಷಾಕಾರನ್' ಚಿತ್ರಕ್ಕಾಗಿ ಎಂ.ಜಿ.ಆರ್. ಅವರಿಗೆ ಹೋಯಿತು. ಎರಡನ್ನೂ ನೋಡಿದ್ದೇನೆ, ನನ್ನ ಮತ ಅಣ್ಣಾವ್ರಿಗೆ, ಇದರಲ್ಲಿ ಎರಡು ಮಾತಿಲ್ಲ.

ಒಂದು ಸಮಾಧಾನದ ಮಾತು ಇದೆ. ಕನ್ನಡಕ್ಕೆ ಬಂದ ಶ್ರೇಷ್ಠ ನಟ ಪ್ರಶಸ್ತಿಗಳನ್ನು ನೋಡಿ: 1975ರ 'ಚೋಮನ ದುಡಿ'ಗೆ ಎಂ.ವಿ. ವಾಸುದೇವರಾವ್, 1986ರ 'ತಬರನ ಕಥೆ'ಗೆ ಚಾರುಹಾಸನ್, 2014ರ 'ನಾನು ಅವನಲ್ಲ ಅವಳು' ಚಿತ್ರಕ್ಕೆ ಸಂಚಾರಿ ವಿಜಯ್, ಆಮೇಲೆ ರಿಷಬ್. ಮೊದಲ ಮೂವರಲ್ಲಿ ಒಬ್ಬರೂ ಕಟೌಟ್ ನಿಲ್ಲಿಸುವ ಹೀರೋ ಅಲ್ಲ. ನಟಿಯರಲ್ಲಿ 'ಕಾಡು' ಚಿತ್ರದ ನಂದಿನಿ ಭಕ್ತವತ್ಸಲ, 'ಹಸೀನಾ'ದ ತಾರಾ. ಇವರಲ್ಲಿ ಯಾರ ಹೆಸರನ್ನೂ ನಾನು ಅಳಿಸಲಾರೆ. ಬಾಗಿಲು ಮುಚ್ಚಿಕೊಂಡು ದುಡಿ ಬಾರಿಸುವ ಚೋಮನನ್ನು ನೋಡಿದ ಮೇಲೆ ವಾಸುದೇವರಾವ್‌ಗೆ ಕೊಟ್ಟಿದ್ದು ತಪ್ಪು ಅನ್ನಲು ಯಾರಿಗೆ ಬಾಯಿ ಬರುತ್ತದೆ?

ಪ್ರಶ್ನೆ (ತುಮಕೂರಿನಿಂದ, ಕಾಲೇಜು ವಿದ್ಯಾರ್ಥಿನಿ): ಅಕ್ಕಾ, ಮುಖ್ಯ ಪಾತ್ರ ಯಾವುದು, ಪೋಷಕ ಪಾತ್ರ ಯಾವುದು ಅಂತ ಹೇಗೆ ತೀರ್ಮಾನ ಮಾಡುತ್ತಾರೆ? 2023ರ ರಾಷ್ಟ್ರಪ್ರಶಸ್ತಿಯಲ್ಲಿ ಊರ್ವಶಿಗೆ ಪೋಷಕ ನಟಿ ಅಂತ ಕೊಟ್ಟಿದ್ದು ನನಗೆ ಅರ್ಥವೇ ಆಗಲಿಲ್ಲ.

ಉತ್ತರ: ನನಗೂ ಆಗಲಿಲ್ಲಮ್ಮಾ. 'ಉಳ್ಳೊಳುಕ್ಕು' ಸಿನಿಮಾ ಇರುವುದೇ ಅತ್ತೆ ಸೊಸೆ ಇಬ್ಬರ ಮೇಲೆ. ಹೊರಗೆ ನೆರೆ ನೀರು, ಒಳಗೆ ಮಗನ ಹೆಣ, ಮಣ್ಣು ಮಾಡಲೂ ಆಗದೆ ಕಾಯುವ ಮನೆ. ಊರ್ವಶಿಯನ್ನೂ ಪಾರ್ವತಿಯನ್ನೂ ತೆಗೆದರೆ ಆ ಚಿತ್ರದಲ್ಲಿ ಉಳಿಯುವುದು ನೀರು ಮಾತ್ರ. ಅಂಥದ್ದರಲ್ಲಿ ಅತ್ತೆಯ ಪಾತ್ರ ಪೋಷಕ ಪಾತ್ರ ಹೇಗಾಗುತ್ತದೆ? ವಯಸ್ಸಾದ ಹೆಂಗಸಿನ ಪಾತ್ರ ಅಂದ ತಕ್ಷಣ ಕೈ ತಾನಾಗಿ ಆ ಪಟ್ಟಿಗೆ ಹೋಗಿಬಿಡುತ್ತದೆ ಅನ್ನುವುದು ನನ್ನ ಅನುಮಾನ. ಊರ್ವಶಿ ಸುಮ್ಮನಿರಲಿಲ್ಲ, ಯಾವ ಮಾನದಂಡ ಇಟ್ಟುಕೊಂಡಿರಿ ಎಂದು ಬಹಿರಂಗವಾಗಿ ಕೇಳಿದರು. ಕೇಳಿದ್ದು ನೂರಕ್ಕೆ ನೂರು ಸರಿ.

ನಾನು ನೋಡುವ ರೀತಿ ಇದು: ಕಥೆಯಲ್ಲಿ ಯಾರ ತೀರ್ಮಾನದಿಂದ ದಾರಿ ಬದಲಾಗುತ್ತದೆ? ಅವರು ಮುಖ್ಯ. ಎಷ್ಟು ನಿಮಿಷ ಪರದೆ ಮೇಲೆ ಇದ್ದಾರೆ ಅನ್ನುವುದು ಆಮೇಲಿನ ಮಾತು. ಅಂದಹಾಗೆ, ಆ ಸಿನಿಮಾ ಥಿಯೇಟರಿಗೆ ಬಂದಿದ್ದು 2024ರಲ್ಲಿ, ಪ್ರಶಸ್ತಿ 2023ರದ್ದು, ಇದೇನು ಎಂದು ಬಹಳ ಜನ ಕೇಳಿದ್ದಾರೆ. ಲೆಕ್ಕ ಇರುವುದು ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕ ವರ್ಷದ ಮೇಲೆ, ಬಿಡುಗಡೆಯಾದ ವರ್ಷದ ಮೇಲೆ ಅಲ್ಲ.

ಪ್ರಶ್ನೆ (ಮಂಡ್ಯದಿಂದ): 'ತಿಥಿ' ಸಿನಿಮಾದ ಗಡ್ಡಪ್ಪ ನಮ್ಮ ಕಡೆಯವರು. ಅವರು ಹೇಗಿದ್ದರೋ ಹಾಗೇ ಕ್ಯಾಮೆರಾ ಮುಂದೆ ಇದ್ದರು. ಅದಕ್ಕೆ ನಟನೆ ಅನ್ನಬಹುದಾ? ಅಂಥವರಿಗೆ ಪ್ರಶಸ್ತಿ ಕೊಡಬಹುದಾ?

ಉತ್ತರ: ಕೊಡಬಹುದು, ಕೊಡಬೇಕು. "ಹೇಗಿದ್ದರೋ ಹಾಗೇ" ಇರುವುದು ಸುಲಭ ಎಂದುಕೊಂಡಿದ್ದೀರಾ? ನಿಮ್ಮ ಮನೆಯಲ್ಲೇ ಯಾರಾದರೂ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತೇವೆ ಅಂದರೆ ಎಲ್ಲರೂ ಸೆಟೆದು ನಿಲ್ಲುತ್ತಾರೆ, ದನಿ ಬದಲಾಗುತ್ತದೆ, ಕೈ ಎಲ್ಲಿಡಬೇಕು ಅಂತ ತಿಳಿಯುವುದಿಲ್ಲ. ಲೈಟು, ಕ್ಯಾಮೆರಾ, ಸುತ್ತ ಇಪ್ಪತ್ತು ಜನರ ಮಧ್ಯೆ ಗಡ್ಡಪ್ಪನ ಪಾತ್ರ ಮಾಡಿದ ಚನ್ನೇಗೌಡರು ಬೀಡಿ ಸೇದುತ್ತಾ, ಪ್ರಪಂಚವೇ ತನಗೆ ಸಂಬಂಧವಿಲ್ಲ ಎಂಬಂತೆ ನಡೆದುಹೋಗುತ್ತಾರೆ. ಅಷ್ಟೇ ಸರಾಗವಾಗಿ ಎರಡನೇ ಟೇಕೂ ಕೊಡಬೇಕು. ಇದು ಕೆಲಸ. ಆ ಚಿತ್ರಕ್ಕೆ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಬಂತು, 2015ರ ಶ್ರೇಷ್ಠ ಕನ್ನಡ ಚಿತ್ರ ರಾಷ್ಟ್ರಪ್ರಶಸ್ತಿಯೂ ಬಂತು. ಇಡೀ ಊರಿನ ಜನ ಸೇರಿ ಮಾಡಿದ ಅಭಿನಯಕ್ಕೆ ಕೊಡಲು ಒಂದು ಪ್ರಶಸ್ತಿ ಮಾತ್ರ ನಮ್ಮಲ್ಲಿ ಇಲ್ಲ. ಒಟ್ಟು ಕಲಾವಿದರ ಬಳಗಕ್ಕೆ ಕೊಡುವ ಪ್ರಶಸ್ತಿ ಒಂದಿರಬೇಕು ಎಂದು ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ, ನೀವೂ ಹೇಳಿ.

ಪ್ರಶ್ನೆ (ದಾವಣಗೆರೆಯಿಂದ): ಮೈ ಸಣ್ಣ ಮಾಡಿಕೊಂಡರೆ, ಗಂಟೆಗಟ್ಟಲೆ ಮೇಕಪ್ ಹಾಕಿಕೊಂಡರೆ, ಅಂಗವಿಕಲರ ಪಾತ್ರ ಮಾಡಿದರೆ ಪ್ರಶಸ್ತಿ ಗ್ಯಾರಂಟಿ ಅನ್ನುತ್ತಾರಲ್ಲ?

ಉತ್ತರ: ಗ್ಯಾರಂಟಿ ಏನಲ್ಲ, ಆದರೆ ಕಣ್ಣಿಗೆ ಬೇಗ ಬೀಳುತ್ತದೆ. ಕಷ್ಟಪಟ್ಟಿದ್ದು ಬೇರೆ, ಚೆನ್ನಾಗಿ ಮಾಡಿದ್ದು ಬೇರೆ. ಸಂಚಾರಿ ವಿಜಯ್ ಅವರನ್ನೇ ತೆಗೆದುಕೊಳ್ಳಿ. 'ನಾನು ಅವನಲ್ಲ ಅವಳು' ಚಿತ್ರಕ್ಕೆ ಮೇಕಪ್‌ಗೂ ರಾಷ್ಟ್ರಪ್ರಶಸ್ತಿ ಬಂತು. ಆದರೆ ವಿಜಯ್ ಗೆದ್ದಿದ್ದು ಮೇಕಪ್‌ನಿಂದಲ್ಲ. ಅವರ ಪಾತ್ರ ಮಾದೇಶ ಇನ್ನೂ ಹುಡುಗನ ಬಟ್ಟೆಯಲ್ಲೇ ಇರುವಾಗ, ತಾನು ಯಾರು ಅಂತ ತನಗೇ ಗೊತ್ತಾಗುತ್ತಿರುವಾಗ, ಆ ಹೆದರಿಕೆ ಮತ್ತು ಸಂತೋಷ ಎರಡೂ ಒಟ್ಟಿಗೆ ಕಣ್ಣಲ್ಲಿ ಇವೆ. ಅದನ್ನು ಯಾವ ಬಣ್ಣವೂ ತಂದುಕೊಡುವುದಿಲ್ಲ. ಆ ಪಾತ್ರವನ್ನು ತೃತೀಯ ಲಿಂಗಿ ಕಲಾವಿದೆಯೇ ಮಾಡಬೇಕಿತ್ತು ಎಂದು ವಾದಿಸುವವರಿದ್ದಾರೆ. ಇವತ್ತು ಹೊಸದಾಗಿ ಅಂಥ ಸಿನಿಮಾ ಮಾಡುವವರು ಮೊದಲು ಅವರನ್ನೇ ಹುಡುಕಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ವರ್ಷ, ಆ ಪಟ್ಟಿಯಲ್ಲಿ, ವಿಜಯ್‌ಗೆ ಕೊಟ್ಟಿದ್ದು ಸರಿ. 2021ರಲ್ಲಿ ಅಪಘಾತದಲ್ಲಿ ಅವರು ಹೋದಾಗ ಇನ್ನೂ ಎಂಥೆಂಥ ಪಾತ್ರ ಬಾಕಿ ಇದ್ದವು ಅನ್ನಿಸಿ ಎರಡು ದಿನ ಬೇರೇನೂ ಬರೆಯಲು ಆಗಲಿಲ್ಲ.

ಪ್ರಶ್ನೆ (ನ್ಯೂಜೆರ್ಸಿಯ ಕನ್ನಡಿಗರೊಬ್ಬರು): 'ಕಾಂತಾರ' ಆಸ್ಕರ್ ಪಟ್ಟಿಯಲ್ಲಿತ್ತು ಅಂತ ಇಲ್ಲಿ ಎಲ್ಲರೂ ಸಂಭ್ರಮಪಟ್ಟೆವು, ಆಮೇಲೆ ಸುದ್ದಿಯೇ ಇಲ್ಲ. ಏನಾಯಿತು?

ಉತ್ತರ: ಅದು ಅರ್ಹ ಚಿತ್ರಗಳ ಪಟ್ಟಿ. ಆ ವರ್ಷ ಅದರಲ್ಲಿ 301 ಚಿತ್ರಗಳಿದ್ದವು, 'ವಿಕ್ರಾಂತ್ ರೋಣ'ವೂ ಇತ್ತು. ನಾಮನಿರ್ದೇಶನ ಬೇರೆ, ಅದು ಸಿಗಲಿಲ್ಲ. ಭಾರತದ ಅಧಿಕೃತ ಆಯ್ಕೆಯಾಗಿ ಒಂದು ಕನ್ನಡ ಸಿನಿಮಾ ಕೂಡ ಇದುವರೆಗೆ ಹೋಗಿಲ್ಲ. 'ಘಟಶ್ರಾದ್ಧ', 'ತಬರನ ಕಥೆ' ಮಾಡಿದ ಭಾಷೆಗೆ ಇದು ಆಗಬಾರದಿತ್ತು. ನೀವು ಸಂಭ್ರಮಪಡಬೇಕಾದದ್ದು ಇನ್ನೊಂದಿದೆ: ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ, ಕೋಳಿ ಕದ್ದ ಅಜ್ಜಿಯ ಜಾನಪದ ಕಥೆ, 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ತಂದಿತು. ಇನ್ನೊಂದು ಒಳ್ಳೆಯ ಸುದ್ದಿ, ಒಂದು ವಿಭಾಗದ ಕೊನೆಯ ಸುತ್ತಿನಲ್ಲಿ ಮತ ಹಾಕಬೇಕಾದರೆ ಆ ವಿಭಾಗದ ಎಲ್ಲ ಚಿತ್ರ ನೋಡಿರಲೇಬೇಕು ಎಂದು ಆಸ್ಕರ್ ಅಕಾಡೆಮಿ 2025ರಲ್ಲಿ ನಿಯಮ ತಂದಿದೆ. ಇಷ್ಟು ವರ್ಷ ಹಾಗಿರಲಿಲ್ಲ ಅನ್ನುವುದೇ ನನಗೆ ಆಘಾತ.

ಪ್ರಶ್ನೆ (ಶಿವಮೊಗ್ಗದಿಂದ): ನೀವು ಜ್ಯೂರಿಯಲ್ಲಿ ಕೂತಿದ್ದೀರಾ? ಒಳಗೆ ಲಾಬಿ ನಡೆಯುತ್ತದೆಯಾ?

ಉತ್ತರ: ಒಂದೇ ಸಲ, ಒಂದು ಸಣ್ಣ ಚಿತ್ರೋತ್ಸವಕ್ಕೆ ಕೂತಿದ್ದೆ. ಅಲ್ಲಿ ನನಗೆ ಲಾಬಿ ಕಾಣಲಿಲ್ಲ, ಸುಸ್ತು ಕಾಣಿಸಿತು. ದಿನಕ್ಕೆ ಐದು ಸಿನಿಮಾ. ಬೆಳಗ್ಗೆ ಒಂಬತ್ತಕ್ಕೆ ನೋಡಿದ್ದು ನೆನಪಿರುತ್ತದೆ, ರಾತ್ರಿ ಎಂಟಕ್ಕೆ ಹಾಕಿದ್ದು ಯಾರ ತಲೆಗೂ ಹೋಗುವುದಿಲ್ಲ. ಮೂರನೇ ದಿನ ರಾತ್ರಿ ಒಂದು ಚಿತ್ರ, ಅಡಿಕೆ ಸುಲಿಯುವ ಮುದುಕಿಯ ಪಾತ್ರ, ಮಾತು ಕಡಿಮೆ. ಮರುದಿನ ಚರ್ಚೆಯಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಮ್ಮಲ್ಲೇ ಹಿರಿಯರೊಬ್ಬರು, ಅದನ್ನು ಇನ್ನೊಮ್ಮೆ ಬೆಳಗ್ಗೆ ಹಾಕಿಸಿ, ನಿನ್ನೆ ನಾವು ಯಾರೂ ಸರಿಯಾಗಿ ನೋಡಲಿಲ್ಲ ಅಂದರು. ಮತ್ತೆ ನೋಡಿದೆವು. ಆ ಮುದುಕಿಗೇ ಪ್ರಶಸ್ತಿ ಕೊಟ್ಟೆವು. ಅವರು ಹಾಗೆ ಕೇಳಿರದಿದ್ದರೆ ಎಂದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ರಾಜ್ಯ ಪ್ರಶಸ್ತಿಗಳ ಬಗ್ಗೆ ಒಂದು ಮಾತು ಹೇಳಿ.

ಉತ್ತರ: ಬೇಗ ಕೊಡಿ. 2019ರ ಪ್ರಶಸ್ತಿ ಪ್ರಕಟವಾಗಿದ್ದು 2025ರ ಜನವರಿಯಲ್ಲಿ. ಸುದೀಪ್ ತಮಗೆ ಬಂದ ಶ್ರೇಷ್ಠ ನಟ ಪ್ರಶಸ್ತಿಯನ್ನು ಬೇರೆ ಅರ್ಹರಿಗೆ ಕೊಡಿ ಎಂದು ಗೌರವದಿಂದಲೇ ಬೇಡ ಅಂದರು. ಅವರಿಗೆ ನಡೆಯುತ್ತದೆ. ಮೊದಲ ಸಿನಿಮಾ ಮಾಡಿದ ಸಂಕಲನಕಾರನಿಗೆ, ಧ್ವನಿ ವಿನ್ಯಾಸ ಮಾಡಿದ ಹುಡುಗಿಗೆ ಆರು ವರ್ಷ ಕಾಯುವುದು ನಡೆಯುವುದಿಲ್ಲ. ಮುಂದಿನ ಕೆಲಸ ಸಿಗಬೇಕಾದ ಹೊತ್ತಿಗೆ ಆ ಕಾಗದ ಕೈಯಲ್ಲಿರಬೇಕು.

ಪ್ರಶ್ನೆ (ಹಾವೇರಿಯಿಂದ): ಹಳೆಯದೊಂದು ಪ್ರಶಸ್ತಿ ಬದಲಾಯಿಸುವ ಅವಕಾಶ ಸಿಕ್ಕರೆ ಯಾವುದನ್ನು ಬದಲಾಯಿಸುತ್ತೀರಿ?

ಉತ್ತರ: ಯಾರಿಂದಲೂ ಕಿತ್ತುಕೊಳ್ಳುವುದಿಲ್ಲ, ಒಬ್ಬರನ್ನು ಸೇರಿಸುತ್ತೇನೆ. 1977ರಲ್ಲಿ 'ಭೂಮಿಕಾ'ಗಾಗಿ ಸ್ಮಿತಾ ಪಾಟೀಲ್ ಶ್ರೇಷ್ಠ ನಟಿಯಾದರು, ಅದು ಅವರದ್ದೇ. ಅದೇ ವರ್ಷ 'ಘಟಶ್ರಾದ್ಧ'ಕ್ಕೆ ಶ್ರೇಷ್ಠ ಚಿತ್ರದ ಸ್ವರ್ಣ ಕಮಲ ಬಂತು, ಬಿ.ವಿ. ಕಾರಂತರ ಸಂಗೀತಕ್ಕೆ ಬಂತು, ನಾಣಿಯಾದ ಹುಡುಗ ಅಜಿತ್ ಕುಮಾರ್‌ಗೆ ಬಾಲ ಕಲಾವಿದ ಪ್ರಶಸ್ತಿ ಬಂತು. ಯಮುನಕ್ಕನಾದ ಮೀನಾ ಕುಟ್ಟಪ್ಪ ಅವರಿಗೆ ಏನೂ ಬರಲಿಲ್ಲ. ಸ್ಮಿತಾ ಪಕ್ಕದಲ್ಲಿ ಅವರ ಹೆಸರೂ ಇರಬೇಕಿತ್ತು. ಆ ಚಿತ್ರವನ್ನು ಈಗ ಚೊಕ್ಕ ಮಾಡಿ ಹೊಸ ಪ್ರತಿ ಮಾಡಿದ್ದಾರೆ, 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ನಿಮ್ಮ ಊರ ಹತ್ತಿರ ಎಲ್ಲಾದರೂ ಪ್ರದರ್ಶನ ಇದ್ದರೆ ತಪ್ಪಿಸಿಕೊಳ್ಳಬೇಡಿ. ಕೊನೆಯಲ್ಲಿ ನಾಣಿ ಅಪ್ಪನ ಜೊತೆ ಊರು ಬಿಟ್ಟು ಹೋಗುವಾಗ ಮರದ ಕೆಳಗೆ ತಲೆ ಬೋಳಿಸಿಕೊಂಡು ಒಬ್ಬಳೇ ಕೂತಿರುವ ಯಮುನಕ್ಕನನ್ನು ನೋಡಿ ಬಂದು, ಆಮೇಲೆ ನನಗೊಂದು ಪತ್ರ ಬರೆಯಿರಿ.