ಅಂಗಾತ ಮಲಗಿದರೆ ಉಸಿರು ಸಾಲುತ್ತಿಲ್ಲ

ಪ್ರಶ್ನೆ: ನಮ್ಮ ಯಜಮಾನರಿಗೆ 61 ವರ್ಷ. ಬೈಪಾಸ್ ಆಗಿ ಎರಡೂವರೆ ತಿಂಗಳಾಯಿತು. ಗಾಯ ಒಣಗಿದೆ, ಎಕೋದಲ್ಲಿ ಹೃದಯ ಚೆನ್ನಾಗಿದೆ ಎಂದಿದ್ದಾರೆ. ಆದರೆ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಮೂರು ದಿಂಬು ಇಟ್ಟು ಒರಗಿಯೇ ನಿದ್ದೆ. ತೋಟದ ಏರು ಹತ್ತಲು ಆಗುತ್ತಿಲ್ಲ. ಎಕ್ಸ್‌ರೇ ನೋಡಿ ‘ಎಡಗಡೆ ಡಯಾಫ್ರಂ ಮೇಲೆ ಬಂದಿದೆ’ ಎಂದರು. ಶ್ವಾಸಕೋಶ ಕೆಟ್ಟಿದೆಯಾ? ವಾಸಿಯಾಗುತ್ತದಾ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಅಕ್ಕಾ, ನೀವು ಬರೆದಿದ್ದನ್ನು ನೋಡಿದರೆ ತೊಂದರೆ ಇರುವುದು ನರದಲ್ಲಿ ಅನ್ನಿಸುತ್ತದೆ. ಡಯಾಫ್ರಂ ಅಂದರೆ ಎದೆಗೂ ಹೊಟ್ಟೆಗೂ ನಡುವೆ ಕೊಡೆಯ ಹಾಗೆ ಬಗ್ಗಿರುವ ಸ್ನಾಯು. ಅದು ಕೆಳಗಿಳಿದರೆ ಉಸಿರು ಒಳಗೆ ಬರುತ್ತದೆ. ಅದನ್ನು ಆಡಿಸುವ ನರ ಕತ್ತಿನಿಂದ ಹೊರಟು, ಹೃದಯದ ಚೀಲಕ್ಕೆ ಅಂಟಿಕೊಂಡೇ ಇಳಿಯುತ್ತದೆ. ಆಪರೇಷನ್ನಿನಲ್ಲಿ ಹೃದಯಕ್ಕೆ ಹಾಕುವ ಮಂಜುಗಡ್ಡೆಯ ತಣ್ಪಿಗೋ, ಬೈಪಾಸಿಗೆಂದು ಎದೆಗೋಡೆಯ ಒಳಗಿನ ರಕ್ತನಾಳ ಬಿಡಿಸುವಾಗಲೋ ಆ ನರಕ್ಕೆ ಪೆಟ್ಟಾಗಬಹುದು. ಹೆಚ್ಚಾಗಿ ಎಡಗಡೆಗೇ. ಮಲಗಿದಾಗ ಹೊಟ್ಟೆಯ ಭಾರವೆಲ್ಲ ಆ ಸೋತ ಸ್ನಾಯುವನ್ನು ಮೇಲಕ್ಕೆ ತಳ್ಳುತ್ತದೆ, ಅದಕ್ಕೇ ಉಸಿರು ಕಟ್ಟುವುದು.

ಮಡಿಕೇರಿಯಲ್ಲಿ ನನ್ನ ಹತ್ತಿರ ಫಿಸಿಯೋಥೆರಪಿಗೆ ಬರುತ್ತಿದ್ದ ಒಬ್ಬ ಕಾಫಿ ಬೆಳೆಗಾರರಿಗೂ ಹೀಗೇ ಆಗಿತ್ತು. ಕೆಳಪಕ್ಕೆಲುಬಿನ ಮೇಲೆ ಎರಡೂ ಅಂಗೈ ಇಟ್ಟು ‘ಮೂಗಿನಿಂದ ಸರಕ್ಕನೆ ಉಸಿರೆಳೆಯಿರಿ’ ಎಂದೆ. ಬಲಗೈ ಹೊರಕ್ಕೆ ಸರಿಯಿತು. ಎಡಗೈ ಕದಲಲೇ ಇಲ್ಲ. ವಾರ ವಾರ ಬಂದರು. ಎಂಟನೇ ತಿಂಗಳಲ್ಲಿ ಎಡಗೈ ಹೆಬ್ಬೆರಳು ಒಂದಿಷ್ಟು ಅಲುಗಿತು. ಅವರ ಹೆಂಡತಿಯನ್ನು ಕರೆದು ಅವರ ಕೈಯನ್ನೂ ಅಲ್ಲಿಡಿಸಿದೆ.

ನರ ಬೆಳೆಯುವುದು ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್. ತಿಂಗಳಿಗೆ 3 ಸೆಂಟಿಮೀಟರ್ ಅಷ್ಟೇ. ಎರಡೂವರೆ ತಿಂಗಳು ಏನೂ ಅಲ್ಲ ಅಕ್ಕಾ. ಬಹಳ ಜನರಿಗೆ ತಿಂಗಳುಗಳಲ್ಲಿ ಸುಧಾರಿಸುತ್ತದೆ, ಕೆಲವರಿಗೆ ವರ್ಷ ದಾಟುತ್ತದೆ. ಆಮೇಲೂ ಕಷ್ಟ ಉಳಿದರೆ, ಸೀರೆಗೆ ನೆರಿಗೆ ಹಿಡಿದ ಹಾಗೆ ಸಡಿಲ ಸ್ನಾಯುವನ್ನು ಬಿಗಿಯಾಗಿ ಹೊಲಿಯುವ ಆಪರೇಷನ್ ಇದೆ.

ಈಗ ಒರಗಿ ಕೂರಿಸಿ, ಅವರ ಕೈಯನ್ನೇ ಹೊಟ್ಟೆಯ ಮೇಲಿಡಿಸಿ. ಮೂಗಿನಿಂದ ನಿಧಾನ ಎಳೆದು, ಬಿಸಿ ಕಾಫಿ ಊದುವ ಹಾಗೆ ಬಿಡಲಿ. ಐದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ತಲೆ ಸುತ್ತಿದರೆ ನಿಲ್ಲಿಸಿ. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಳ್ಳಲಿ. ರಾತ್ರಿ ಊಟ ಬೇಗ, ಸ್ವಲ್ಪ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಎರಡು ಸಾಕು, ತುಂಬಿದ ಹೊಟ್ಟೆಯೂ ಮೇಲಕ್ಕೇ ಒತ್ತುತ್ತದೆ. ದಿಂಬು ಕಡಿಮೆ ಮಾಡಿ ಅಭ್ಯಾಸ ಮಾಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸುಮ್ನೆ ಹಿಂಸೆ ಅದು. ಏರು ಸದ್ಯಕ್ಕೆ ಬೇಡ, ಅಂಗಳದಲ್ಲಿ ನಡೆಯಲಿ. ಎದೆ ಮೂಳೆ ಕೂಡಲು ಸುಮಾರು ಮೂರು ತಿಂಗಳು ಬೇಕು. ಸರ್ಜನ್ ಒಪ್ಪುವವರೆಗೆ ಕಾಫಿ ಮೂಟೆ ಇರಲಿ, ನೀರಿನ ಕೊಡವನ್ನೂ ಎತ್ತಬಾರದು.

ಶ್ವಾಸಕೋಶದ ಸುತ್ತ ನೀರು ನಿಂತರೂ, ರಕ್ತ ಕಡಿಮೆಯಿದ್ದರೂ ಉಸಿರು ಸಾಲುವುದಿಲ್ಲ. ಹಾಗಾಗಿ ಡಾಕ್ಟರ ಹತ್ತಿರ ರಕ್ತ ಪರೀಕ್ಷೆ ಮತ್ತು ಡಯಾಫ್ರಂ ಆಡುವುದನ್ನು ನೋಡುವ ಅಲ್ಟ್ರಾಸೌಂಡ್ ಕೇಳಿ. ಉಸಿರು ದಿಢೀರನೆ ಜಾಸ್ತಿ ಕಟ್ಟಿದರೆ, ಎದೆ ನೋವು, ಜ್ವರ, ಕಾಲು ಊತ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಹೊರಡಿ. ಹಳೆಯ ಎಕ್ಸ್‌ರೇ ಜೊತೆಗಿರಲಿ.