‘ಓದಿದೆ’ ಎಂಬ ಒಂದು ಮಾತು

ಓದುಗರ ಪತ್ರ

ಸಂಪಾದಕರಿಗೆ ವಂದನೆಗಳು. 11 ವರ್ಷದಿಂದ ಬರೆಯುತ್ತಿದ್ದೇನೆ. ವಾಕ್ಯಧ್ಯಾನ, ಅಂದರೆ ಬೈಬಲ್ ವಚನಗಳ ಮೇಲಿನ ಚಿಂತನೆ, ಒಂದಷ್ಟು ಪದ್ಯ. ನಿಮ್ಮ ಪತ್ರಿಕೆಯಲ್ಲೂ ನಾಲ್ಕು ಲೇಖನ ಬಂದಿವೆ. ಚಿಕ್ಕವಳಿದ್ದಾಗ ಸಂಡೇ ಸ್ಕೂಲ್ ಟೀಚರ್ ಒಬ್ಬರು ನನ್ನ ಪದ್ಯವನ್ನು ಎಲ್ಲರ ಮುಂದೆ ಓದಿಸಿದ್ದರು. ಬರೆಯುವ ಆಸೆ ಹುಟ್ಟಿದ್ದು ಅಲ್ಲಿಂದ. ಈಗ ಬರೆಯುವುದೆಂದರೆ ಬಾವಿಗೆ ಕಲ್ಲು ಹಾಕಿದ ಹಾಗೆ. ಸದ್ದೂ ಕೇಳಿಸುವುದಿಲ್ಲ. ಒಂದು ಒಳ್ಳೆಯ ಮಾತು ಬೇಕು ಅನ್ನಿಸುತ್ತದೆ. ಮರುಕ್ಷಣವೇ ಇದು ಗರ್ವ ಅಲ್ವಾ ಎಂದು ನಾಚಿಕೆಯಾಗುತ್ತದೆ. ಮೊನ್ನೆ ಆರಾಧನೆ ಮುಗಿದ ಮೇಲೆ ಒಬ್ಬರು ‘ಲೇಖನ ಚೆನ್ನಾಗಿತ್ತು’ ಎಂದರು. ‘ನನ್ನದೇನಿಲ್ಲ, ಎಲ್ಲಾ ಮಹಿಮೆ ದೇವರಿಗೆ’ ಎಂದೆ. ಅವರ ಮುಖ ಸಣ್ಣದಾಯಿತು. ನಾನು ಹೇಳಿದ್ದು ತಪ್ಪಾ? ಬರೆಯುವುದನ್ನೇ ಬಿಟ್ಟುಬಿಡಲಾ? ದಯವಿಟ್ಟು ಹೆಸರು ಹಾಕಬೇಡಿ.

ಸಂಪಾದಕರ ಉತ್ತರ

ಪ್ರಿಯ ಸಹೋದರಿ,

ಹೆಸರು ಹಾಕಿಲ್ಲ. ನಿಮ್ಮ ಪತ್ರ ಓದಿದವನೇ ಹಳೆಯ ಫೈಲು ತೆಗೆದು ನೋಡಿದೆ. ನಿಮ್ಮ ನಾಲ್ಕೂ ಲೇಖನಗಳು ಇದ್ದವು. ನಾವು ಕಳಿಸಿದ ಉತ್ತರದ ನಕಲೂ ಇತ್ತು. ನಾಲ್ಕಕ್ಕೂ ಅಚ್ಚು ಹಾಕಿಸಿದ ಅದೇ ಕಾರ್ಡು: ‘ತಮ್ಮ ಲೇಖನ ತಲುಪಿದೆ. ಸೂಕ್ತವೆನಿಸಿದಲ್ಲಿ ಪ್ರಕಟಿಸಲಾಗುವುದು.’ ಪ್ರಕಟವಾದ ಮೇಲೆ ಒಂದು ಸಾಲೂ ಬರೆದಿಲ್ಲ. ಅಂದರೆ ನಿಮ್ಮ ಬಾವಿಯ ತಳದಲ್ಲಿ ಸುಮ್ನೆ ಕೂತಿದ್ದವರಲ್ಲಿ ನಾನೂ ಒಬ್ಬ. ಕ್ಷಮಿಸಿ.

ಆಮೇಲೆ ಲೇಖನಗಳನ್ನು ಮತ್ತೆ ಓದಿದೆ. ನಾಯಿನ್ ಎಂಬ ಊರಿನ ವಿಧವೆಯ ಬಗ್ಗೆ ಬರೆದಿದ್ದಿರಲ್ಲ, ಲೂಕನ ಸುವಾರ್ತೆ 7ನೇ ಅಧ್ಯಾಯ, ಸತ್ತು ಚಟ್ಟದ ಮೇಲಿದ್ದ ಅವಳ ಮಗನನ್ನು ಯೇಸು ಬದುಕಿಸಿದ ಕಥೆ. ಆ ಕಥೆಯ ಮೇಲೆ ನಾನು ಕೇಳಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಎಲ್ಲರೂ ತಾಯಿಯ ಕಣ್ಣೀರಿನ ಬಗ್ಗೆ ಹೇಳುತ್ತಾರೆ, ಎದ್ದು ಕೂತ ಮಗನ ಬಗ್ಗೆ ಹೇಳುತ್ತಾರೆ. ನಿಮ್ಮ ಕಣ್ಣು ಬಿದ್ದದ್ದು ಹೆಣ ಹೊತ್ತವರ ಮೇಲೆ. ಯೇಸು ಚಟ್ಟವನ್ನು ಮುಟ್ಟಿದಾಗ ಹೊತ್ತವರು ನಿಂತರು, ಅಷ್ಟೇ ಹೇಳಿ ಲೂಕ ಮುಂದೆ ಹೋಗುತ್ತಾನೆ. ನೀವು ಅಲ್ಲೇ ನಿಂತಿರಿ. ‘ಆ ಖಾಲಿ ಚಟ್ಟವನ್ನು ಆಮೇಲೆ ಏನು ಮಾಡಿದರು? ಊರಬಾಗಿಲೊಳಗೆ ಅದನ್ನು ವಾಪಸ್ ಹೊತ್ತುಕೊಂಡು ಬರುವಾಗ ಅವರ ಹೆಗಲಿಗೆ ಏನನ್ನಿಸಿತು?’ ಎಂದು ಕೇಳಿದಿರಿ. ಅದು ಅಚ್ಚಾಗಿ ಎರಡು ವರ್ಷವಾಯಿತು. ಹೋದ ತಿಂಗಳು ಸ್ನೇಹಿತರೊಬ್ಬರ ಶವಪೆಟ್ಟಿಗೆಗೆ ಹೆಗಲು ಕೊಟ್ಟಾಗ ನನಗೆ ನೆನಪಾದದ್ದು ಆ ಸಾಲು. ಭಾರ ಸ್ವಲ್ಪ ಬೇರೆ ಥರ ಕಂಡಿತು. ಆವತ್ತೇ ನಿಮಗೆ ಎರಡು ಸಾಲು ಬರೆಯಬೇಕಿತ್ತು. ಮನೆಗೆ ಬಂದವನು ಮರೆತೆ.

ಈಗ ನಿಮ್ಮ ಪ್ರಶ್ನೆ. ಒಂದು ಮಾತು ಬೇಕು ಅನ್ನಿಸುವುದು ಗರ್ವವೇ? ನನಗೆ ಹಾಗೆ ಕಾಣುವುದಿಲ್ಲ. ಕಾಗದ ಬರೆದವರು ಅಂಚೆಯವನ ದಾರಿ ನೋಡುತ್ತಾರೆ. ಅದನ್ನು ಯಾರೂ ಗರ್ವ ಅನ್ನುವುದಿಲ್ಲ. ತಲುಪಿತಾ ಎಂದು ತಿಳಿಯುವ ಆಸೆ ಅದು. ಎಲ್ಲರಿಗಿಂತ ನಾನೇ ಚೆನ್ನಾಗಿ ಬರೆದೆ ಅನ್ನಿಸಿಕೊಳ್ಳುವ ಆಸೆಯೂ ಅದರ ಜೊತೆಗೇ ಒಂಚೂರು ನುಸುಳಿಕೊಂಡು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರದ ಕೊನೆಯ ಅಧ್ಯಾಯ ಒಮ್ಮೆ ತೆಗೆದು ನೋಡಿ. ಸೆರೆಯಲ್ಲಿದ್ದ ಅವನಿಗೆ ಫಿಲಿಪ್ಪಿಯವರು ಎಪಫ್ರೊದೀತನೆಂಬವನ ಕೈಯಲ್ಲಿ ಸಹಾಯ ಕಳಿಸಿದ್ದಾರೆ. ಬಹಳ ಸಂತೋಷವಾಯಿತು ಅನ್ನುತ್ತಾನೆ. ಕೊರತೆಯಿದೆ ಎಂದು ಹೇಳುತ್ತಿಲ್ಲ ಅನ್ನುತ್ತಾನೆ. ಆದರೂ ನೀವು ಮಾಡಿದ್ದು ಒಳ್ಳೆಯದಾಯಿತು ಅನ್ನುತ್ತಾನೆ. ಮತ್ತೆ, ಕೊಡುಗೆ ಬೇಕೆಂದು ನಾನು ಕಾಯುತ್ತಿಲ್ಲ ಅನ್ನುತ್ತಾನೆ. ಹತ್ತು ವಚನದೊಳಗೆ ಇಷ್ಟು ಸಲ ಹಿಂದೆ ಮುಂದೆ ಆಗಿದ್ದಾನೆ. ಪೌಲನಿಗೂ ಸ್ವಲ್ಪ ಮುಜುಗರ ಆಗಿತ್ತು ಅನ್ನಿಸುತ್ತದೆ ನನಗೆ. ಆದರೆ ಸಂತೋಷವಾಯಿತು ಅನ್ನುವುದನ್ನು ಅವನು ಅಡಗಿಸಲಿಲ್ಲ.

‘ಎಲ್ಲಾ ಮಹಿಮೆ ದೇವರಿಗೆ’ ಎಂದಿರಿ. ಮಾತು ಸರಿ, ಆಡಿದ ಹೊತ್ತು ಸರಿಯಿರಲಿಲ್ಲ. ನಮ್ಮ ಸಭೆಗಳಲ್ಲಿ ಇದು ಬಾಯಿಗೆ ತಾನಾಗಿ ಬರುತ್ತದೆ. ಯಾರಾದರೂ ಒಳ್ಳೆಯ ಮಾತು ಹೇಳಲು ಬಾಯಿ ತೆರೆದರೆ ಸಾಕು, ನಾವು ಬಾಗಿಲು ಹಾಕಿಬಿಡುತ್ತೇವೆ. ಆ ಮನುಷ್ಯ ಏನೋ ಹಿಡಿದುಕೊಂಡು ಬಂದಿದ್ದ. ಹೇಳಲೋ ಬೇಡವೋ ಎಂದು ಎರಡು ಭಾನುವಾರ ಯೋಚಿಸಿಯೂ ಇರಬಹುದು. ತಂದದ್ದನ್ನು ನೀವು ಅವನ ಕೈಗೇ ವಾಪಸ್ ಕೊಟ್ಟಿರಿ. ಯೇಸು ವಾಸಿಮಾಡಿದ ಹತ್ತು ಕುಷ್ಠರೋಗಿಗಳ ಕಥೆ ನಿಮಗೆ ಗೊತ್ತೇ ಇದೆ. ಅವರಲ್ಲಿ ಸಮಾರ್ಯದವನೊಬ್ಬ ಕೃತಜ್ಞತೆ ಹೇಳಲು ತಿರುಗಿ ಬಂದು ಕಾಲಿಗೆ ಬಿದ್ದಾಗ ಯೇಸು ಅವನನ್ನು ತಡೆಯಲಿಲ್ಲ. ಮಿಕ್ಕ ಒಂಬತ್ತು ಮಂದಿ ಎಲ್ಲಿ ಎಂದು ಕೇಳಿದ. ಮುಂದಿನ ಸಲ ಯಾರಾದರೂ ‘ಚೆನ್ನಾಗಿತ್ತು’ ಎಂದರೆ ‘ಖುಷಿಯಾಯಿತು, ಯಾವ ಮಾತು ಹಿಡಿಸಿತು?’ ಎಂದು ಕೇಳಿ. ಅವರು ಹೇಳಲಿ. ನೀವು ಕೇಳಿಸಿಕೊಳ್ಳಿ. ಮಹಿಮೆಯನ್ನು ಮನೆಗೆ ಹೋಗಿ ಮೊಣಕಾಲೂರಿ ಸಲ್ಲಿಸಬಹುದು. ದೇವರಿಗೆ ಅವಸರವೇನಿಲ್ಲ.

ಆ ಒಂಬತ್ತು ಮಂದಿಯ ಮಾತು ಬಂತು ಅಂತ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪದ್ಯ ಓದಿಸಿದ ಆ ಟೀಚರ್‌ಗೆ ನೀವು ಯಾವತ್ತಾದರೂ ಇದನ್ನು ಹೇಳಿದ್ದೀರಾ? ‘ನಾನು ಬರೆಯಲು ಶುರು ಮಾಡಿದ್ದು ನಿಮ್ಮಿಂದ’ ಎಂದು? ಹೇಳಿದ್ದರೆ ಪತ್ರದಲ್ಲಿ ಬರೆಯುತ್ತಿದ್ದಿರಿ ಅನ್ನಿಸಿತು, ಅದಕ್ಕೇ ಕೇಳಿದೆ. ಅವರೂ ನಿಮ್ಮ ಹಾಗೇ ಬಾವಿಗೆ ಕಲ್ಲು ಹಾಕಿ ಕಿವಿಗೊಟ್ಟು ಕೂತಿರಬಹುದು, ಅಲ್ವಾ?

ಕೃತಜ್ಞತೆ ಹೇಳುವುದು ಹೇಗೆ ಎಂದು ಕಲಿಯಬೇಕಾದರೆ ನಾನು ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯಕ್ಕೆ ಹೋಗುತ್ತೇನೆ. ಎಲ್ಲರೂ ಹಾರಿಸಿ ಓದುವ ಅಧ್ಯಾಯ ಅದು. ಬರೀ ಹೆಸರುಗಳು, 20ಕ್ಕೂ ಜಾಸ್ತಿ. ಆದರೆ ಪೌಲ ಎಲ್ಲರಿಗೂ ಸೇರಿಸಿ ಒಂದೇ ವಂದನೆ ಹಾಕಿ ಮುಗಿಸಿಲ್ಲ. ಪ್ರಿಸ್ಕ, ಅಕ್ವಿಲ ಎಂಬ ದಂಪತಿ ತನ್ನ ಪ್ರಾಣ ಉಳಿಸಲು ತಮ್ಮ ಕುತ್ತಿಗೆಯನ್ನೇ ಒಡ್ಡಿದರು ಎಂದು ಬರೆಯುತ್ತಾನೆ. ರೂಫನ ತಾಯಿ ನನಗೂ ತಾಯಿ ಎಂದು ಬರೆಯುತ್ತಾನೆ. ಯಾರು ಏನು ಮಾಡಿದರು ಎನ್ನುವುದು ಅವನಿಗೆ ನೆನಪಿದೆ. ಅಷ್ಟರಲ್ಲಿ ನಡುವೆ ಇನ್ನೊಂದು ದನಿ ಕೇಳಿಸುತ್ತದೆ: ಈ ಪತ್ರವನ್ನು ಬರೆದ ತೆರ್ತ್ಯನೆಂಬ ನಾನೂ ನಿಮಗೆ ವಂದನೆ ಹೇಳುತ್ತೇನೆ. ಪೌಲ ಹೇಳುತ್ತಾ ಹೋದ, ಕೈನೋವಾಗುವ ತನಕ ಬರೆದವನು ತೆರ್ತ್ಯ. ಪೌಲನ ಪತ್ರದೊಳಗೆ ಅವನು ತನ್ನದೊಂದು ಸಾಲು ಇಟ್ಟ. ಪೌಲ ಅದನ್ನು ಹೊಡೆದುಹಾಕಿಸಲಿಲ್ಲ. ಪ್ರೂಫ್ ನೋಡುವ, ಪುಟ ಕಟ್ಟುವ ನಮ್ಮವರಿಗೆ ನಾನು ತೆರ್ತ್ಯನ ಕಥೆಯನ್ನು ಆಗಾಗ ಹೇಳುತ್ತಿರುತ್ತೇನೆ. ಹೆಸರು ಮಾತ್ರ ಇನ್ನೂ ಹಾಕಿಲ್ಲ. ಅದೂ ನನ್ನ ಬಾಕಿ.

ಪ್ರೋತ್ಸಾಹದ ವಿಷಯಕ್ಕೆ ಬಂದರೆ ನನಗೆ ಬಾರ್ನಬನ ಮೇಲೆ ತುಂಬಾ ಪ್ರೀತಿ. ಅವನ ನಿಜವಾದ ಹೆಸರು ಯೋಸೇಫ, ಸೈಪ್ರಸ್ ದ್ವೀಪದವನು. ಬಾರ್ನಬ ಎನ್ನುವುದು ಮೊದಲ ಸಭೆಯ ಹಿರಿಯರಾದ ಅಪೊಸ್ತಲರು ಇಟ್ಟ ಅಡ್ಡಹೆಸರು. ಧೈರ್ಯ ತುಂಬುವವನು ಎಂದು ಅರ್ಥ. ಕ್ರೈಸ್ತ ಸಭೆಯನ್ನು ಹಿಂಸಿಸುತ್ತಿದ್ದ ಸೌಲ, ಅಂದರೆ ನಮ್ಮ ಪೌಲನೇ, ಮನಸ್ಸು ತಿರುಗಿ ಯೆರೂಸಲೇಮಿಗೆ ಬಂದಾಗ ಯಾರೂ ನಂಬಲಿಲ್ಲ, ಹೆದರಿದರು. ಕೈ ಹಿಡಿದು ಅಪೊಸ್ತಲರ ಹತ್ತಿರ ಕರೆದುಕೊಂಡು ಹೋದವನು ಬಾರ್ನಬ. ಆಮೇಲೆ ಸೌಲ ತನ್ನ ಊರಾದ ತಾರ್ಸಕ್ಕೆ ಹೋಗಿಬಿಟ್ಟಿದ್ದ. ಹುಡುಕಿಕೊಂಡು ಹೋಗಿ ಅಂತಿಯೋಕ್ಯಕ್ಕೆ ಕರೆತಂದವನೂ ಇವನೇ. ಇಬ್ಬರೂ ಮಾರ್ಕನೆಂಬ ಹುಡುಗನನ್ನು ಜೊತೆಗೆ ಕರೆದುಕೊಂಡು ಪ್ರಯಾಣ ಹೊರಟರು. ಹುಡುಗ ಅರ್ಧದಲ್ಲಿ ಕೈಕೊಟ್ಟು ವಾಪಸಾದ. ಎರಡನೆಯ ಸಲ ಹೊರಡುವಾಗ ಬಾರ್ನಬ ಮತ್ತೆ ಅವನನ್ನೇ ಕರೆಯೋಣ ಎಂದ. ಸಾಧ್ಯವೇ ಇಲ್ಲ ಎಂದ ಪೌಲ. ಜಗಳ ಜೋರಾಯಿತು, ಇಬ್ಬರೂ ಬೇರೆಯಾದರು. ಮಾರ್ಕ ಬಾರ್ನಬನ ಸಂಬಂಧಿ, ಆ ಮಮತೆಯೂ ಇದ್ದಿರಬಹುದು, ಇರಲಿ. ನನಗೆ ಮುಖ್ಯವಾಗಿ ಕಾಣುವುದು ಮುಂದೆ ಆದದ್ದು. ಬಾರ್ನಬ ಮಾರ್ಕನನ್ನು ಹೊಗಳಿದ ಎಂದು ಎಲ್ಲೂ ಇಲ್ಲ. ಅವನನ್ನು ಕರೆದುಕೊಂಡು ಸೈಪ್ರಸ್ಸಿಗೆ ಹಡಗು ಹತ್ತಿದ, ಅಷ್ಟೇ. ಅಲ್ಲಿಂದಾಚೆಗೆ, ಈ ಕಥೆ ಹೇಳುವ ಅಪೊಸ್ತಲರ ಕೃತ್ಯಗಳ ಪುಸ್ತಕದಲ್ಲಿ ಬಾರ್ನಬನ ಸುದ್ದಿಯೇ ಇಲ್ಲ.

ಎಷ್ಟೋ ಕಾಲದ ಮೇಲೆ ಅದೇ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆಯುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ. ಎರಡನೆಯ ಸುವಾರ್ತೆ ಆ ಮಾರ್ಕನದೇ ಎಂದು ಸಭೆ ಮೊದಲಿನಿಂದಲೂ ಹೇಳುತ್ತಾ ಬಂದಿದೆ. ಹಾಗಾದರೆ ಲೆಕ್ಕ ಹಾಕಿ. ಪೌಲನ ಪತ್ರಗಳು, ಮಾರ್ಕನ ಸುವಾರ್ತೆ, ಎರಡರ ಹಿಂದೆಯೂ ಒಬ್ಬನೇ ಮನುಷ್ಯ ಜಾಮೀನು ನಿಂತಿದ್ದಾನೆ. ಬೈಬಲಿನಲ್ಲಿ ಅವನ ಹೆಸರಿನ ಪುಸ್ತಕ ಒಂದೂ ಇಲ್ಲ.

ಬಿಟ್ಟುಬಿಡಲಾ ಎಂದು ಕೇಳಿದಿರಿ. ಅದಕ್ಕೆ ಇನ್ನೊಬ್ಬ ಬರಹಗಾರನ ಕಥೆ ಹೇಳಬೇಕು. ವಿಲಿಯಂ ಕೂಪರ್, 18ನೇ ಶತಮಾನದ ಇಂಗ್ಲಿಷ್ ಕವಿ. ಬದುಕಿಡೀ ಮನಸ್ಸಿನ ಕಾಯಿಲೆ, ದೇವರು ನನ್ನನ್ನು ಕೈಬಿಟ್ಟಿದ್ದಾನೆ ಎಂಬ ಭಯ. ಓಲ್ನಿ ಎಂಬ ಊರಿನಲ್ಲಿ ಸಭಾಪಾಲಕನಾಗಿದ್ದವನು ಜಾನ್ ನ್ಯೂಟನ್, ಹಿಂದೆ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನ. ಇಬ್ಬರೂ ಸೇರಿ ಒಂದು ಕೀರ್ತನೆ ಪುಸ್ತಕ ಬರೆಯೋಣ ಎಂದು ನ್ಯೂಟನ್ ಸ್ನೇಹಿತನನ್ನು ಹೊರಡಿಸಿದ. 1773ರಲ್ಲಿ ಕೂಪರ್ ಪೂರ್ತಿ ಕುಸಿದುಬಿದ್ದ. ನ್ಯೂಟನ್‌ಗೂ ಪುಸ್ತಕ ಬೇಡ ಅನ್ನಿಸಿತ್ತು. ಕೊನೆಗೆ 1779ರಲ್ಲಿ ಅದು ಬಂತು. ಒಟ್ಟು 348 ಕೀರ್ತನೆ, ಕೂಪರನವು 60ಕ್ಕೂ ಹೆಚ್ಚು. ಇಷ್ಟು ಎಲ್ಲರೂ ಹೇಳುವ ಕಥೆ. ನನಗೆ ಇಷ್ಟವಾದದ್ದು ಆಮೇಲಿನದು. ಲೇಡಿ ಆಸ್ಟಿನ್ ಎಂಬ ಗೆಳತಿ ಪ್ರಾಸವಿಲ್ಲದ ಪದ್ಯ ಬರಿ ಎಂದು ಅವನ ಬೆನ್ನು ಹತ್ತಿದಳು. ಯಾವುದರ ಮೇಲೆ ಬರೆಯಲಿ ಎಂದು ಇವನು ಕೇಳಿದ. ಈ ಸೋಫಾದ ಮೇಲೆ ಬರಿ ಎಂದಳು. ತಮಾಷೆಗೆ ಶುರುವಾದದ್ದು ಆರು ಭಾಗದ ದೊಡ್ಡ ಕಾವ್ಯವಾಗಿ 1785ರಲ್ಲಿ ಅಚ್ಚಾಯಿತು. ಅದರ ಹೆಸರೇ ‘ದಿ ಟಾಸ್ಕ್’, ಅಂದರೆ ವಹಿಸಿದ ಕೆಲಸ. ಸೋಫಾದಿಂದ ಹೊರಟು ಗುಲಾಮಗಿರಿಯ ತನಕ, ದೇವರ ತನಕ ಹೋಗುತ್ತದೆ. ಅವನ ಕಾಯಿಲೆ ಇದರಿಂದ ವಾಸಿಯಾಗಲಿಲ್ಲ. ಕೊನೆಯ ವರ್ಷಗಳು ಕತ್ತಲೆಯವೇ. ಕಾವ್ಯ ಮಾತ್ರ ಉಳಿಯಿತು.

ಆ ಹೆಂಗಸಿಗೆ ಕೂಪರನನ್ನು ಹೊಗಳುವುದು ಸುಲಭವಿತ್ತು. ಅವಳು ಕೆಲಸ ಕೊಟ್ಟಳು. ಸಂಪಾದಕ ಅನ್ನಿಸಿಕೊಂಡವನು ಮಾಡಬೇಕಾದದ್ದೂ ಅದನ್ನೇ. ನಾನು ಇಷ್ಟು ವರ್ಷ ಕಾರ್ಡು ಕಳಿಸುತ್ತಾ ಕೂತೆ.

ಆದ್ದರಿಂದ ಒಂದು ಖಾರದ ಮಾತು, ಒಂದು ಕೆಲಸ. ಖಾರದ ಮಾತು ಮೊದಲು. ಪ್ರಾರ್ಥನೆಯ ಬಗ್ಗೆ ಬರೆದ ನಿಮ್ಮ ಮೂರನೆಯ ಲೇಖನ ನನಗೆ ಹಿಡಿಸಲಿಲ್ಲ. ಎರಡು ಪುಟದಲ್ಲಿ 14 ಕಡೆ ವಚನಗಳು. ನೀವು ಮಾತಾಡಬೇಕಾದ ಜಾಗದಲ್ಲೆಲ್ಲ ವಚನವನ್ನು ಮುಂದೆ ನಿಲ್ಲಿಸಿ ನೀವು ಹಿಂದೆ ಅವಿತುಕೊಂಡಿದ್ದೀರಿ. ಹಾಗಾದರೆ ಯಾಕೆ ಹಾಕಿದಿರಿ ಅಂತೀರಾ? ಆ ತಿಂಗಳು ಪುಟ ಖಾಲಿ ಇತ್ತು. ಚಟ್ಟ ಹೊತ್ತವರನ್ನು ಕಂಡ ಕಣ್ಣು ಆ ಲೇಖನದಲ್ಲಿ ಎಲ್ಲೂ ತೆರೆದಿಲ್ಲ. ನನಗೆ ಬೇಕಾದದ್ದು ಆ ಕಣ್ಣು.

ಕೆಲಸ ಇದು. ರೂಫನ ತಾಯಿಯ ಬಗ್ಗೆ ಬರೆಯಿರಿ. ಅವಳ ಹೆಸರು ಬೈಬಲಿನಲ್ಲಿಲ್ಲ. ಪೌಲನಿಗೆ ಅವಳು ಯಾವಾಗ, ಎಲ್ಲಿ ತಾಯಿಯಾದಳು ಎನ್ನುವುದೂ ಇಲ್ಲ. ಆದಷ್ಟೂ ಯಾರ ಹಂಗಿಗೂ ಬೀಳದೆ ಕೈಯಾರೆ ದುಡಿದು ಉಣ್ಣುತ್ತಿದ್ದ ಆ ಗಟ್ಟಿ ಮನುಷ್ಯ ಒಬ್ಬ ಹೆಂಗಸಿನ ಮುಂದೆ ಮಗನಾದ, ಅದನ್ನು ರೋಮಿನವರೆಲ್ಲ ಕೇಳಲಿ ಎಂದು ಬರೆಸಿದ, ಇಷ್ಟು ಗೊತ್ತು. ಯೇಸುವಿನ ಶಿಲುಬೆ ಹೊತ್ತ ಕುರೇನ್ಯದ ಸೀಮೋನನಿಗೆ ರೂಫನೆಂಬ ಮಗನಿದ್ದ ಎಂದು ಮಾರ್ಕ ಬರೆದಿದ್ದಾನೆ. ಅವನೇ ಇವನು, ಇವಳು ಸೀಮೋನನ ಹೆಂಡತಿ ಎಂದು ಹೇಳುವವರಿದ್ದಾರೆ. ಹೊತ್ತವರು ಅಂದರೆ ನಿಮ್ಮ ಕಣ್ಣು ಅತ್ತ ಓಡುತ್ತದೆ, ಗೊತ್ತು. ಒಂದು ಸಾಲಿಗಿಂತ ಜಾಸ್ತಿ ಆ ಕಡೆ ಹೋಗಬೇಡಿ. ತಾಯಿಯ ಜೊತೆಗಿರಿ.

700 ಪದ. ವಚನ ಎರಡು ಸಾಕು. ಮುಂದಿನ ತಿಂಗಳು 10ರೊಳಗೆ ನನ್ನ ಮೇಜಿನ ಮೇಲಿರಲಿ. ಅದಕ್ಕೂ ಮೊದಲು ಆ ಟೀಚರ್‌ಗೆ ಕಾಗದ ಹಾಕಿ. ನಿಮ್ಮ ಲೇಖನ ತಲುಪಿದ ಮೇಲೆ ಅಚ್ಚಿನ ಕಾರ್ಡು ಬರುವುದಿಲ್ಲ. ನನ್ನ ಕೈಬರಹ ಓದಲು ಕಷ್ಟ, ಸ್ವಲ್ಪ ಸಹಿಸಿಕೊಳ್ಳಿ.

ಇತಿ,
ಸಂಪಾದಕ